ಮಿನಿ ಡಿವಿ ಟೇಪಿನ ಯಕ್ಷಗಾನ: ಕ್ಯಾಪ್ಚರ್ ನಡುವೆ ನಿಲ್ಲುತ್ತದೆ, ಚೆಂಡೆಗೆ ಹೆಜ್ಜೆ ಹೊಂದುವುದಿಲ್ಲ, ಡಿವಿಡಿ ಅದುರುತ್ತದೆ

ರಂಗಸ್ಥಳ:

ಎಲ್ಲರಿಗೂ ನಮಸ್ಕಾರ. 2003ರಿಂದ 2008ರ ನಡುವೆ ಉಡುಪಿ ಆಸುಪಾಸಿನಲ್ಲಿ ಚಿತ್ರೀಕರಿಸಿದ ಬಯಲಾಟಗಳ 40 ಮಿನಿ ಡಿವಿ (ಪುಟ್ಟ ಡಿಜಿಟಲ್ ವಿಡಿಯೋ ಕ್ಯಾಸೆಟ್) ಟೇಪುಗಳಿವೆ. ಇವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಿದ್ದೇನೆ, ಅದನ್ನೇ ಕ್ಯಾಪ್ಚರ್ ಎನ್ನುವುದು. 18 ಟೇಪು ಎಸ್‌ಪಿ, ಅಂದರೆ ಮಾಮೂಲಿ ವೇಗದ ಮೋಡಿನಲ್ಲಿವೆ. ಉಳಿದ 22 ಎಲ್‌ಪಿ, ಅಂದರೆ 60 ನಿಮಿಷದ ಕ್ಯಾಸೆಟ್ಟಿನಲ್ಲಿ 90 ನಿಮಿಷ. ರಾತ್ರಿಯಿಡೀ ನಡೆಯುವ ಆಟಕ್ಕೆ ಆಗ ಹಾಗೆಯೇ ಮಾಡುತ್ತಿದ್ದರು. ಎಲ್ಲವೂ ಪಾಲ್, ಅಂದರೆ ಸೆಕೆಂಡಿಗೆ 25 ಚಿತ್ರದ ನಮ್ಮ ಟಿವಿ ಪದ್ಧತಿ. ಇವುಗಳಿಂದ ಆ ಕಾಲದಲ್ಲೇ ಮಾಡಿಸಿದ ಒಂದಷ್ಟು ಡಿವಿಡಿಗಳೂ ಇವೆ.

ಸಲಕರಣೆ: ವಿಂಡೋಸ್ 10 ಡೆಸ್ಕ್‌ಟಾಪ್, ಪಿಸಿಐ ಎಕ್ಸ್‌ಪ್ರೆಸ್ ಫೈರ್‌ವೈರ್ ಕಾರ್ಡ್ (ಕ್ಯಾಮೆರಾದ ಡಿಜಿಟಲ್ ದತ್ತಾಂಶ ಕಂಪ್ಯೂಟರಿಗೆ ಬರುವ ಕಿಂಡಿ), ಸೋನಿ ಹ್ಯಾಂಡಿಕ್ಯಾಮ್, ವಿನ್‌ಡಿವಿ ಎಂಬ ಕ್ಯಾಪ್ಚರ್ ತಂತ್ರಾಂಶ. ಫೈಲುಗಳು 1 ಟಿಬಿ ಯುಎಸ್‌ಬಿ ಡಿಸ್ಕಿಗೆ ಹೋಗುತ್ತವೆ. ಮೊದಲು ಒಂದು ಅಗ್ಗದ ಯುಎಸ್‌ಬಿ–ಫೈರ್‌ವೈರ್ ಕೇಬಲ್ ಬಳಸಿದಾಗ ಕಂಪ್ಯೂಟರಿಗೆ ಕ್ಯಾಮೆರಾ ಕಾಣಲೇ ಇಲ್ಲ. ಕಾರ್ಡ್ ಹಾಕಿದ ಮೇಲೆ ಕಾಣುತ್ತಿದೆ.

ತೊಂದರೆಗಳು ಹೀಗಿವೆ. ಯಾವ ಟೇಪು ಹಾಕಿದರೂ 19 ನಿಮಿಷ ಆಗುವ ಹೊತ್ತಿಗೆ ಕ್ಯಾಪ್ಚರ್ ನಿಂತುಹೋಗುತ್ತದೆ. ಅಷ್ಟರೊಳಗೇ ಕೆಲವು ಫೈಲುಗಳಲ್ಲಿ ಚೆಂಡೆಯ ಪೆಟ್ಟಿಗೂ ವೇಷದ ಹೆಜ್ಜೆಗೂ ಅಂತರ ಬೀಳುತ್ತದೆ. ಮೊದಮೊದಲು ಸರಿ, ಹೋಗ್ತಾ ಹೋಗ್ತಾ ಹೆಚ್ಚಾಗುತ್ತದೆ. ಒಂದು ಟೇಪಿನಲ್ಲಿ ನಡುವಿನಿಂದ ಭಾಗವತರ ಧ್ವನಿ ಕೀಚಲಾಗಿ ಓಡುತ್ತದೆ. ಎಲ್‌ಪಿ ಟೇಪುಗಳಲ್ಲಿ ಚಿತ್ರದ ಅಡ್ಡಕ್ಕೆ ಪಟ್ಟಿ ಪಟ್ಟಿಯಾಗಿ ಚೌಕುಳಿ. ಮಾಡಿದ ಡಿವಿಡಿ ಕಂಪ್ಯೂಟರಿನಲ್ಲಿ ಪರವಾಗಿಲ್ಲ, ಹಿರಿಯರ ಮನೆಯ ಹಳೆ ಟಿವಿಯಲ್ಲಿ ಕುಣಿತ ಬಂದಾಗ ಅದುರುತ್ತದೆ. ಹಳೆಯ ಡಿವಿಡಿಗಳಲ್ಲಿ ಕೆಲವನ್ನು ಡ್ರೈವ್ ಓದುತ್ತಲೇ ಇಲ್ಲ, ಅವುಗಳ ಪೈಕಿ ಕೆಲವಕ್ಕೆ ಮೂಲ ಟೇಪು ಸಿಗುತ್ತಿಲ್ಲ. ಇದೆಲ್ಲ ಆದಮೇಲೆ ಎಲ್ಲಿ, ಹೇಗೆ ಉಳಿಸಿಡಬೇಕು ಅನ್ನುವುದೂ ಬೇಕು.

ತಂತಿಜಾಲ:

ಮೊದಲು ಒಂದು ಕೆಲಸ ಮುಗಿಸಿ: 40 ಟೇಪುಗಳ ಬೆನ್ನಿನಲ್ಲಿರುವ ಪುಟ್ಟ ಜಾರುಗುಂಡಿಯನ್ನು ಸೇವ್ ಕಡೆಗೆ ಸರಿಸಿ. ಕ್ಯಾಮೆರಾ ತಪ್ಪಿ ರೆಕಾರ್ಡ್ ಮೋಡಿಗೆ ಹೋದರೆ ಹೋದದ್ದು ವಾಪಸ್ ಬರುವುದಿಲ್ಲ.

ಆ ಅಗ್ಗದ ಕೇಬಲ್ ಬಿಸಾಡಿ. ಯುಎಸ್‌ಬಿಯೂ ಫೈರ್‌ವೈರೂ ಬೇರೆ ಬೇರೆ ಭಾಷೆ ಮಾತಾಡುತ್ತವೆ, ನಡುವೆ ಚಿಪ್ ಇಲ್ಲದ ಬರೀ ತಂತಿಯಿಂದ ಏನೂ ಆಗದು. ಕಾರ್ಡ್ ಹಾಕಿದ್ದು ಸರಿ. ಅದರ 6 ಪಿನ್ ಕಿಂಡಿಯಲ್ಲಿ ವಿದ್ಯುತ್ತೂ ಹರಿಯುತ್ತದೆ, ತಲೆಕೆಳಗಾಗಿ ಒತ್ತಿ ತೂರಿಸಿದರೆ ಕ್ಯಾಮೆರಾದ ಡಿವಿ ಪೋರ್ಟ್ ಸುಟ್ಟೇಹೋಗಬಹುದು. ಕೇಬಲ್ ಜೋಡಿಸುವಾಗ ಎರಡೂ ಕಡೆ ಆಫ್ ಇರಲಿ.

19 ನಿಮಿಷದ ಲೆಕ್ಕ ಬಹಳ ಸರಳ. ಪಾಲ್ ಡಿವಿಯ ಒಂದು ಫ್ರೇಮು, ಅಂದರೆ ಒಂದು ಬಿಡಿ ಚಿತ್ರ, ಸರಿಯಾಗಿ 1,44,000 ಬೈಟ್. ಸೆಕೆಂಡಿಗೆ 25 ಫ್ರೇಮಿನಂತೆ 36 ಲಕ್ಷ ಬೈಟ್, ಗಂಟೆಗೆ ಸುಮಾರು 13 ಜಿಬಿ. ನಿಮ್ಮ ಯುಎಸ್‌ಬಿ ಡಿಸ್ಕ್ ಫ್ಯಾಟ್32 ಎಂಬ ಹಳೆಯ ಕಡತ ವ್ಯವಸ್ಥೆಯಲ್ಲಿ ಫಾರ್ಮ್ಯಾಟ್ ಆಗಿರಲೇಬೇಕು. ಅದರಲ್ಲಿ ಒಂದು ಫೈಲು 4 ಜಿಬಿ ದಾಟಲಾರದು. ಟೈಪ್ 2 ಎವಿಐ ಎಂಬ ಬಗೆಯ ಫೈಲಾದರೆ ಧ್ವನಿಯ ಇನ್ನೊಂದು ಪ್ರತಿ ಸೇರಿ 19 ನಿಮಿಷಕ್ಕೇ 4 ಜಿಬಿ ತುಂಬುತ್ತದೆ, ಕಚ್ಚಾ ಡಿವಿಗೆ (ಟೇಪಿನ ದತ್ತಾಂಶ ಇದ್ದ ಹಾಗೇ ಇರುವ ಫೈಲಿಗೆ) 20 ನಿಮಿಷ ಹಿಡಿಯುತ್ತದೆ. ಡಿಸ್ಕಿನಲ್ಲಿರುವುದನ್ನು ಬೇರೆಡೆಗೆ ಸಾಗಿಸಿ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ. ಹಾಗೆಯೇ ವಿನ್‌ಡಿವಿಯ ಕಾನ್ಫಿಗ್ ತೆರೆದು ಮ್ಯಾಕ್ಸ್ ಎವಿಐ ಸೈಜ್ ನೋಡಿ. ಅದು ಫ್ರೇಮುಗಳ ಲೆಕ್ಕದಲ್ಲಿರುತ್ತದೆ. ಎಲ್‌ಪಿ ಟೇಪಿನ 90 ನಿಮಿಷಕ್ಕೆ 1,35,000 ಫ್ರೇಮು ಬೇಕು, 1,50,000 ಅಂತ ಕೊಟ್ಟುಬಿಡಿ.

ಚೆಂಡೆ–ಹೆಜ್ಜೆಯ ಅಂತರ ಹೋಗ್ತಾ ಹೆಚ್ಚಾಗುತ್ತದೆ ಎಂದಿರಿ. ಅದು ಕೈತಪ್ಪಿದ ಫ್ರೇಮುಗಳ ಗುರುತು. ಒಂದು ಫ್ರೇಮು 40 ಮಿಲಿಸೆಕೆಂಡ್, ಐದಾರು ಫ್ರೇಮು ಬಿದ್ದರೂ ಚೆಂಡೆ ಕೇಳುವ ಕಿವಿಗೆ ಗೊತ್ತಾಗುತ್ತದೆ, 25 ಬಿದ್ದರೆ ಪೂರ್ತಿ ಒಂದು ಸೆಕೆಂಡು. ಅಂತರ ಮೊದಲಿಂದ ಕೊನೆವರೆಗೆ ಒಂದೇ ಆಗಿದ್ದರೆ ಕಾರಣ ಬೇರೆ, ಎಡಿಟಿಂಗಿನಲ್ಲಿ ಧ್ವನಿಯನ್ನು ಅಷ್ಟು ಸರಿಸಿದರೆ ಸಾಕಾಗುತ್ತಿತ್ತು. ನಿಮ್ಮದಕ್ಕೆ ಎಡಿಟಿಂಗಿನಲ್ಲಿ ಮದ್ದಿಲ್ಲ, ಮತ್ತೆ ಕ್ಯಾಪ್ಚರ್ ಮಾಡಬೇಕು. ವಿನ್‌ಡಿವಿಯ ಕಿಟಕಿಯಲ್ಲಿ ಡ್ರಾಪ್ಡ್ ಎಂಬ ಎಣಿಕೆ ಕಾಣುತ್ತದೆ, ಅದು ಕೊನೆವರೆಗೆ ಸೊನ್ನೆಯಲ್ಲೇ ಇರಬೇಕು.

ಫ್ರೇಮು ಬೀಳಲು ಸಾಮಾನ್ಯ ಕಾರಣಗಳು: ಯುಎಸ್‌ಬಿ ಡಿಸ್ಕು ನಿದ್ದೆಗೆ ಜಾರುವುದು, ಆಂಟಿವೈರಸ್ ಬೆಳೆಯುತ್ತಿರುವ ಫೈಲನ್ನೇ ಜಾಲಾಡುವುದು, ಹಿನ್ನೆಲೆಯ ಅಪ್‌ಡೇಟ್, ಮತ್ತು ಹೊಸ ಫೈರ್‌ವೈರ್ ಡ್ರೈವರ್. ಕ್ಯಾಪ್ಚರನ್ನು ಒಳಗಿನ ಎರಡನೇ ಡಿಸ್ಕಿಗೆ ಮಾಡಿ, ಮುಗಿದಮೇಲೆ ಯುಎಸ್‌ಬಿಗೆ ನಕಲಿಸಿ. ಪವರ್ ಆಯ್ಕೆಯಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ನಿಲ್ಲಿಸಿ. ಡ್ರೈವರಿಗೆ ಮೈಕ್ರೋಸಾಫ್ಟ್ ಒದಗಿಸುವ 1394 (ಫೈರ್‌ವೈರಿನ ಇನ್ನೊಂದು ಹೆಸರು) ಲೆಗಸಿ ಡ್ರೈವರ್ ಇಳಿಸಿ ಇನ್‌ಸ್ಟಾಲ್ ಮಾಡಿ. ಇಷ್ಟಕ್ಕೇ ಅದು ಜಾರಿಗೆ ಬರುವುದಿಲ್ಲ ಎಂಬುದನ್ನು ಹಲವರು ಗಮನಿಸುವುದಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ 1394 ಕಂಟ್ರೋಲರ್ ಮೇಲೆ ಬಲ ಕ್ಲಿಕ್, ಅಪ್‌ಡೇಟ್ ಡ್ರೈವರ್, ಪಟ್ಟಿಯಿಂದ ನಾನೇ ಆರಿಸುತ್ತೇನೆ ಎಂದು ಹೇಳಿ ಹೆಸರಿನ ಕೊನೆಗೆ ಲೆಗಸಿ ಎಂದಿರುವುದನ್ನು ಆಯ್ದುಕೊಳ್ಳಬೇಕು.

ಮ್ಯಾಕ್ ಇರುವವರು ಓದುತ್ತಿದ್ದರೆ: ಮ್ಯಾಕ್‌ಓಎಸ್ 26ರಿಂದ ಫೈರ್‌ವೈರ್ ಬೆಂಬಲವೇ ಇಲ್ಲ. ಹಳೆಯ ಮ್ಯಾಕನ್ನು ಈ ಕೆಲಸ ಮುಗಿಯುವವರೆಗೆ ಅಪ್‌ಗ್ರೇಡ್ ಮಾಡಬೇಡಿ.

ಕೀಚಲು ಧ್ವನಿ: ಆ ಟೇಪಿನ ಮೊದಲ ಭಾಗ 16 ಬಿಟ್, 48 ಕಿಲೋಹರ್ಟ್ಜ್‌ನಲ್ಲಿದೆ. ನಡುವೆ ಯಾರೋ ಕ್ಯಾಮೆರಾದ ಮೆನುವಿನಲ್ಲಿ 12 ಬಿಟ್, 32 ಕಿಲೋಹರ್ಟ್ಜ್ ಮಾಡಿದ್ದಾರೆ. ಎವಿಐ ಫೈಲಿನ ತಲೆಬರಹದಲ್ಲಿ ಮೊದಲ ದರವೇ ಉಳಿಯುತ್ತದೆ, ಹಾಗಾಗಿ 32ರ ಮಾದರಿಗಳು 48ರ ವೇಗದಲ್ಲಿ ಓಡಿ ಧ್ವನಿ ಒಂದೂವರೆ ಪಟ್ಟು ಬೇಗವೂ ಏರುಶ್ರುತಿಯೂ ಆಗುತ್ತದೆ. ಟೇಪನ್ನು ಆ ಜಾಗದಿಂದ ಬೇರೆ ಫೈಲಾಗಿ ಕ್ಯಾಪ್ಚರ್ ಮಾಡಿ, ಅಷ್ಟೇ.

ರೀಲುಸುತ್ತು:

ಎಲ್‌ಪಿ ಬಗ್ಗೆ ನಾನು ಹೇಳುತ್ತೇನೆ. ಇಲ್ಲಿ ಅವಸರ ಮಾಡಿದರೆ ಟೇಪೂ ಹೋಗುತ್ತದೆ, ಕ್ಯಾಮೆರಾವೂ ಹೋಗುತ್ತದೆ.

ಎಲ್‌ಪಿಯಲ್ಲಿ ದತ್ತಾಂಶ ಕಡಿಮೆಯಾಗುವುದಿಲ್ಲ, ಅದೇ ಸೆಕೆಂಡಿಗೆ 25 ಮೆಗಾಬಿಟ್. ಟೇಪು ನಿಧಾನ ಚಲಿಸುತ್ತದೆ, ದತ್ತಾಂಶ ಬರೆದ ಜಾಡುಗಳ ಅಗಲ 10 ಮೈಕ್ರಾನಿನಿಂದ ಸುಮಾರು 6.7 ಮೈಕ್ರಾನಿಗೆ ಇಳಿಯುತ್ತದೆ. ಬರೆದ ಕ್ಯಾಮೆರಾಗೂ ಓದುವ ಕ್ಯಾಮೆರಾಗೂ ಹೆಡ್ಡಿನ (ಟೇಪು ಬರೆಯುವ, ಓದುವ ತಲೆ) ಜೋಡಣೆಯಲ್ಲಿ ಕೂದಲೆಳೆಯ ವ್ಯತ್ಯಾಸ ಇದ್ದರೂ ಎಸ್‌ಪಿ ಸಹಿಸಿಕೊಳ್ಳುತ್ತದೆ, ಎಲ್‌ಪಿ ಸಹಿಸುವುದಿಲ್ಲ. ಆದ್ದರಿಂದ ಅಂದು ಚಿತ್ರೀಕರಿಸಿದ ಅದೇ ಕ್ಯಾಮೆರಾ ಎಲ್ಲಾದರೂ ಇದ್ದರೆ, ಲೆನ್ಸು ಕೆಟ್ಟಿದ್ದರೂ ಸರಿ, ಟೇಪು ಓಡಿಸುವಂತಿದ್ದರೆ ಸಾಕು, ಮೊದಲು ಅದನ್ನು ಹುಡುಕಿ.

ಚೌಕುಳಿಯ ಆಕಾರ ನೋಡಿದರೆ ರೋಗ ಗೊತ್ತಾಗುತ್ತದೆ. ಪಾಲ್ ಡಿವಿಯಲ್ಲಿ ಒಂದು ಫ್ರೇಮು 12 ಜಾಡುಗಳಲ್ಲಿ ಹರಡಿರುತ್ತದೆ, ಒಂದೊಂದು ಜಾಡಿಗೆ ಚಿತ್ರದ 48 ಗೆರೆಗಳ ಒಂದು ಅಡ್ಡಪಟ್ಟಿ. ಕ್ಯಾಮೆರಾದೊಳಗೆ ತಿರುಗುವ ಡ್ರಮ್ಮಿನಲ್ಲಿ ಎರಡು ಹೆಡ್ಡು, ಒಂದು ಬಿಟ್ಟು ಒಂದು ಜಾಡನ್ನು ಓದುತ್ತವೆ. ಒಂದು ಪಟ್ಟಿ ಸರಿ, ಮುಂದಿನದು ಚೌಕುಳಿ, ಮತ್ತೆ ಸರಿ, ಹೀಗೆ ಸಮನಾಗಿ ಬರುತ್ತಿದ್ದರೆ ಒಂದು ಹೆಡ್ಡು ಕೊಳೆಯಿಂದ ಕಟ್ಟಿಕೊಂಡಿದೆ ಎಂದರ್ಥ. ಒಣ ಕ್ಲೀನಿಂಗ್ ಕ್ಯಾಸೆಟ್ ಹಾಕಿ 10 ಸೆಕೆಂಡು ಓಡಿಸಿ, ತೆಗೆದು ಒಳ್ಳೆಯ ಎಸ್‌ಪಿ ಟೇಪು ಹಾಕಿ ಪರೀಕ್ಷಿಸಿ. ಬೇಕಾದರೆ ಇನ್ನೊಮ್ಮೆ 10 ಸೆಕೆಂಡು. ನಿಮಿಷಗಟ್ಟಲೆ ಓಡಿಸಬೇಡಿ, ಅದು ಉಜ್ಜುವ ಟೇಪು, ಹೆಡ್ಡನ್ನೇ ಸವೆಸುತ್ತದೆ. ಕ್ಲೀನಿಂಗ್ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಮತ್ತೆ ಬಳಸುವುದೂ ತಪ್ಪು, ತೆಗೆದ ಕೊಳೆ ವಾಪಸ್ ಹೆಡ್ಡಿಗೇ ಹತ್ತುತ್ತದೆ. ಸಮನಾದ ಪಟ್ಟಿಯಲ್ಲದೆ ಚೌಕುಳಿ ಎಲ್ಲೆಲ್ಲೋ ಚದುರಿ ಬಂದರೆ ಅಥವಾ ಬಂದು ಹೋಗಿ ಮಾಡಿದರೆ ಅದು ಜಾಡು ತಪ್ಪಿದ್ದು ಇಲ್ಲವೇ ಟೇಪಿನ ಗಾಯ.

ಕರಾವಳಿಯ ಟೇಪುಗಳಿಗೆ ಇನ್ನೊಂದು ಪರೀಕ್ಷೆ ಕಡ್ಡಾಯ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಸುರುಳಿಯ ಅಂಚನ್ನು ಟಾರ್ಚ್ ಹಾಕಿ ಓರೆಯಾಗಿ ನೋಡಿ. ಬಿಳಿ ಪುಡಿ ಅಥವಾ ಜೇಡನ ಎಳೆಯಂಥದ್ದು ಕಂಡರೆ ಬೂಷ್ಟು. ಅಂಥ ಟೇಪನ್ನು ಕ್ಯಾಮೆರಾಗೆ ಹಾಕಲೇಬೇಡಿ. ಹಾಕಿದರೆ ಹೆಡ್ಡು ಕಟ್ಟುವುದಷ್ಟೇ ಅಲ್ಲ, ಅದರ ನಂತರ ಹಾಕುವ ಪ್ರತಿಯೊಂದು ಟೇಪಿಗೂ ಬೂಷ್ಟು ಅಂಟುತ್ತದೆ. ಬೇರೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಒಣಗಲು ಬಿಟ್ಟು, ಟೇಪು ಶುಚಿ ಮಾಡುವ ಯಂತ್ರ ಇರುವವರ ಕೈಗೇ ಕೊಡಿ. ಉಳಿದವನ್ನೂ ಮಳೆಗಾಲದಲ್ಲಿ ಓಡಿಸುವುದು ಬೇಡ. ಎಸಿ ಕೋಣೆಯಿಂದ ಸೆಕೆಗೆ ತಂದ ಕ್ಯಾಮೆರಾದ ಡ್ರಮ್ಮಿನ ಮೇಲೆ ತೇವ ಕೂರುತ್ತದೆ, ಟೇಪು ಅದಕ್ಕೆ ಅಂಟಿಕೊಂಡು ಸುತ್ತಿಕೊಳ್ಳುತ್ತದೆ. ಸೋನಿಯ ಪರದೆಯಲ್ಲಿ ಸಿ:21 ಎಂದು ಬಂದರೆ ಅದೇ. ಟೇಪು ಹೊರಗೆ ತೆಗೆದು, ಬಾಗಿಲು ತೆರೆದಿಟ್ಟು, ಒಂದು ಗಂಟೆಯಾದರೂ ಬಿಡಿ. ಸಿ:22 ಬಂದರೆ ಹೆಡ್ಡು ಕೊಳೆ. ಸಿ:31, ಸಿ:32 ಯಾಂತ್ರಿಕ ತೊಂದರೆ, ಬ್ಯಾಟರಿ ಮತ್ತು ಅಡಾಪ್ಟರ್ ಎರಡನ್ನೂ ತೆಗೆದು ಮತ್ತೆ ಹಾಕಿ ನೋಡಿ. ಹೋಗದಿದ್ದರೆ ಬಲವಂತ ಮಾಡಬೇಡಿ.

ಪ್ರತಿ ಟೇಪನ್ನೂ ಕ್ಯಾಪ್ಚರಿಗೆ ಮೊದಲು ಕೊನೆವರೆಗೆ ಮುಂದಕ್ಕೆ, ಪುನಃ ಹಿಂದಕ್ಕೆ ಒಂದು ಸಲ ಸುತ್ತಿ. ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ಕೂತ ಸುರುಳಿಯ ಬಿಗಿ ಸಮನಾಗುತ್ತದೆ.

ಇಷ್ಟಾದರೂ ಎಲ್‌ಪಿ ಕೈಕೊಟ್ಟರೆ ಡಿವಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಇದೆ, ಮುಕ್ತ ಆಕರದ್ದು. ಒಂದೇ ಟೇಪನ್ನು ಎರಡು ಮೂರು ಬಾರಿ, ಸಾಧ್ಯವಾದರೆ ಎರಡು ಬೇರೆ ಕ್ಯಾಮೆರಾಗಳಲ್ಲಿ ಓಡಿಸಿ ಕಚ್ಚಾ ಡಿವಿ ಫೈಲುಗಳನ್ನು ಮಾಡಿಕೊಳ್ಳಿ. ಪ್ರತಿ ಓಟದಲ್ಲೂ ತಪ್ಪುಗಳು ಬೇರೆ ಬೇರೆ ಜಾಗದಲ್ಲಿರುತ್ತವೆ. ಡಿವಿರೆಸ್ಕ್ಯೂಗೆ ಆ ಫೈಲುಗಳನ್ನೆಲ್ಲ ಒಟ್ಟಿಗೆ ಕೊಟ್ಟು ಮರ್ಜ್ ಮಾಡಿಸಿದರೆ ಪ್ರತಿ ಫ್ರೇಮಿನೊಳಗೆ ಎಲ್ಲಿ ಯಾವ ಓಟ ಚೆನ್ನಾಗಿದೆಯೋ ಆ ತುಣುಕನ್ನೇ ಆಯ್ದು ಒಂದು ಫೈಲು ಕಟ್ಟುತ್ತದೆ. ಮರುಸಂಕುಚನ ಇಲ್ಲ, ಟೇಪಿನ ಬಿಟ್ಟುಗಳೇ. ಟೇಪು ಹಾಳಾಗಿದೆ ಎಂದು ಬಿಟ್ಟುಕೊಡುವ ಮೊದಲು ಇದೊಂದನ್ನು ಮಾಡಲೇಬೇಕು.

ರಂಗಸ್ಥಳ:

ಇಬ್ಬರಿಗೂ ಧನ್ಯವಾದ. ಡಿಸ್ಕು ಫ್ಯಾಟ್32ರಲ್ಲೇ ಇತ್ತು. ಒಳಗಿನ ಡಿಸ್ಕು ಮತ್ತು ಲೆಗಸಿ ಡ್ರೈವರಿಗೆ ಬದಲಾಯಿಸಿದ ಮೇಲೆ ಎಸ್‌ಪಿ ಟೇಪು ಪೂರ್ತಿ ಬಂತು, ಡ್ರಾಪ್ಡ್ ಸೊನ್ನೆ, ಚೆಂಡೆ ಹೆಜ್ಜೆಗೆ ಕೂತಿದೆ. ಎಲ್‌ಪಿಯಲ್ಲಿ ಸಮನಾದ ಪಟ್ಟಿಯೇ ಇತ್ತು, ಕ್ಲೀನಿಂಗ್ ಕ್ಯಾಸೆಟ್ಟಿಗೆ ಬಹುಪಾಲು ಹೋಗಿದೆ. ಉಳಿದ ಚದುರಿದ ಚೌಕುಳಿಗೆ ಇನ್ನೊಂದು ಕ್ಯಾಮೆರಾ ಹುಡುಕುತ್ತಿದ್ದೇನೆ. ಡಿವಿಡಿಯ ಅದುರುವಿಕೆ ಮಾತ್ರ ಹಾಗೇ ಇದೆ. ಸೆಟ್ಟಿಂಗ್ ಹೀಗಿತ್ತು: ಪಾಲ್, ಅಪ್ಪರ್ ಫೀಲ್ಡ್ ಫಸ್ಟ್, ಒಂದು ಡಿಸ್ಕಿನಲ್ಲಿ ಮೂರೂವರೆ ಗಂಟೆ.

ನೆರಳುಬೆಳಕು:

ಉತ್ತರ ನಿಮ್ಮ ಕೊನೆಯ ಸಾಲಿನಲ್ಲೇ ಇದೆ. ಪ್ರತಿ ಫ್ರೇಮಿನಲ್ಲೂ ಎರಡು ಫೀಲ್ಡು, ಅಂದರೆ ಒಂದು ಬಿಟ್ಟು ಒಂದು ಗೆರೆಯ ಎರಡು ಅರ್ಧಚಿತ್ರ ಇರುತ್ತವೆ. ಡಿವಿ ಯಾವಾಗಲೂ ಲೋವರ್ ಫೀಲ್ಡ್ ಫಸ್ಟ್. ಅಪ್ಪರ್ ಎಂದು ಗುರುತು ಹಾಕಿದರೆ ಟಿವಿ ಎರಡನೇ ಅರ್ಧವನ್ನು ಮೊದಲು, ಮೊದಲ ಅರ್ಧವನ್ನು ಆಮೇಲೆ ತೋರಿಸುತ್ತದೆ. ಪ್ರತಿ ಚಲನೆಯೂ ಮೂರು ಹೆಜ್ಜೆ ಮುಂದೆ, ಒಂದು ಹಿಂದೆ. ಭಾಗವತರು ಕೂತು ಹಾಡುವಾಗ ಕಾಣದು, ವೇಷ ಧೀಂಗಿಣ ಹಾಕುವಾಗ (ಗಿರಗಿರನೆ ಸುತ್ತಿ ಕುಣಿಯುವಾಗ) ಕಣ್ಣಿಗೆ ಹೊಡೆಯುತ್ತದೆ. ಕಂಪ್ಯೂಟರಿನ ಪ್ಲೇಯರ್ ಎರಡೂ ಫೀಲ್ಡುಗಳನ್ನು ಒಂದೇ ಚಿತ್ರವಾಗಿ ಬೆರೆಸಿ ತೋರಿಸುವುದರಿಂದ ತಪ್ಪು ಮುಚ್ಚಿಹೋಗುತ್ತದೆ. ಅಪ್ಪರ್ ಫಸ್ಟ್ ಬೇಕಾಗುವುದು ಎಚ್‌ಡಿವಿ (ಹೈ ಡೆಫಿನಿಷನ್ ಟೇಪು) ತುಣುಕಿಗೆ, ಇದಕ್ಕಲ್ಲ.

ಡಿವಿಡಿ ಎರಡು ಕ್ರಮವನ್ನೂ ಒಪ್ಪುತ್ತದೆ, ಗುರುತು ಸರಿ ಇರಬೇಕು ಅಷ್ಟೇ. ಆದ್ದರಿಂದ ಎಡಿಟಿಂಗ್ ಪ್ರಾಜೆಕ್ಟ್, ಎಕ್ಸ್‌ಪೋರ್ಟ್, ಆಥರಿಂಗ್ (ಮೆನು ಸೇರಿಸಿ ಡಿವಿಡಿ ಕಟ್ಟುವುದು) ಮೂರರಲ್ಲೂ ಲೋವರ್, ಕೆಲವೆಡೆ ಬಾಟಮ್ ಎಂದಿರುತ್ತದೆ, ಅದನ್ನೇ ಇಡಿ. ಡಿವಿಡಿಗೆ ಹೋಗುವ ಪ್ರತಿಯನ್ನು ಡಿಇಂಟರ್‌ಲೇಸ್ ಮಾಡಬೇಡಿ, ಅಂದರೆ ಫೀಲ್ಡುಗಳನ್ನು ಪೂರ್ಣ ಚಿತ್ರಗಳಾಗಿಸಬೇಡಿ. ಸೆಕೆಂಡಿಗೆ 50 ಚಲನೆಗಳಿದ್ದದ್ದು 25ಕ್ಕೆ ಇಳಿದು ಕುಣಿತ ಕುಂಟುತ್ತದೆ. ಚಿತ್ರದ ಎತ್ತರವನ್ನೂ ಮುಟ್ಟಬೇಡಿ: ಫೀಲ್ಡುಗಳಿರುವ ಚಿತ್ರವನ್ನು ಮೇಲೆ ಕೆಳಗೆ ಹಿಗ್ಗಿಸಿ ಕುಗ್ಗಿಸಿದರೆ ಎರಡೂ ಫೀಲ್ಡು ಕಲಸಿಹೋಗುತ್ತವೆ, ಮತ್ತೆ ಬಿಡಿಸಲಾಗದು. ಮೇಲಿನಿಂದ ಒಂದೇ ಒಂದು ಗೆರೆ ಕತ್ತರಿಸಿದರೂ ಕ್ರಮ ತಿರುಗುಮುರುಗು ಆಗುತ್ತದೆ. ಕತ್ತರಿಸಲೇಬೇಕಾದರೆ ಕತ್ತರಿಸುವ ಗೆರೆಗಳ ಎಣಿಕೆ ಸಮಸಂಖ್ಯೆ ಇರಲಿ.

ಇನ್ನು ಮೂರೂವರೆ ಗಂಟೆ. 4.7 ಜಿಬಿ ಡಿಸ್ಕಿಗೆ 600ನ್ನು ನಿಮಿಷಗಳಿಂದ ಭಾಗಿಸಿದರೆ ಧ್ವನಿ ಸೇರಿ ಸೆಕೆಂಡಿಗೆ ಸಿಗುವ ಮೆಗಾಬಿಟ್ ಬರುತ್ತದೆ. 120 ನಿಮಿಷಕ್ಕೆ 5. ನಿಮ್ಮ 210 ನಿಮಿಷಕ್ಕೆ 2.85. ಟೇಪಿನಲ್ಲಿ 25 ಇದ್ದದ್ದು ಇಲ್ಲಿಗೆ ಇಳಿದರೆ ಏನಾಗಬೇಕು? ಅದೂ ರಾತ್ರಿಯ ರಂಗಸ್ಥಳ, ಕತ್ತಲಲ್ಲಿ ಕ್ಯಾಮೆರಾ ತಾನೇ ಏರಿಸಿಕೊಂಡ ಗೇನಿನ (ಸಂಕೇತದ ವರ್ಧನೆಯ) ಮರಳುಮರಳು ಕಾಳು. ಆ ಕಾಳುಗಳನ್ನು ಚಿತ್ರಿಸಲೆಂದೇ ಎನ್‌ಕೋಡರ್ ಬಿಟ್ಟುಗಳನ್ನೆಲ್ಲ ಸುರಿಯುತ್ತದೆ, ಮುಖವರ್ಣಿಕೆಗೆ ಉಳಿಯುವುದು ಕಡಿಮೆ. ಒಂದು ಡಿಸ್ಕಿಗೆ ಎರಡು ಗಂಟೆ ಇಡಿ, ರಾತ್ರಿಯ ಆಟ ನಾಲ್ಕು ಡಿಸ್ಕಿಗೆ ಬರಲಿ. ಟೂ ಪಾಸ್ ವಿಬಿಆರ್ (ಎರಡು ಸುತ್ತಿನಲ್ಲಿ ದೃಶ್ಯಕ್ಕೆ ತಕ್ಕಂತೆ ಬಿಟ್ಟು ಹಂಚುವುದು), ಸರಾಸರಿ 4.7, ಗರಿಷ್ಠ 8 ಮೆಗಾಬಿಟ್. ನಿಯಮ 9.8ರವರೆಗೆ ಬಿಡುತ್ತದೆ, ಆದರೆ ಮನೆಯಲ್ಲಿ ಬರೆದ ಡಿಸ್ಕಿನಲ್ಲಿ ಅಷ್ಟು ಏರಿದರೆ ಹಳೆ ಪ್ಲೇಯರುಗಳು ತಡವರಿಸುತ್ತವೆ. ಧ್ವನಿಗೆ ಎಸಿ3 ಸಂಕುಚನ, 192 ಅಥವಾ 256 ಕಿಲೋಬಿಟ್. ಪಿಸಿಎಂ (ಸಂಕುಚಿಸದ ಧ್ವನಿ) ಇಟ್ಟರೆ ಅದೊಂದೇ ಒಂದೂವರೆ ಮೆಗಾಬಿಟ್ ನುಂಗುತ್ತದೆ. ಜಿಒಪಿ (ಒಟ್ಟಿಗೆ ಸಂಕುಚಿಸುವ ಫ್ರೇಮುಗಳ ಗುಂಪು) 15 ಫ್ರೇಮು, ಪಾಲ್‌ನಲ್ಲಿ ಅದೇ ಮಿತಿ.

ನಾಲ್ಕು ಡಿಸ್ಕು ಬೇಡವೇ ಬೇಡ ಎಂದರೆ 720ರ ಬದಲು 352×576 ಬಳಸಿ. ಅದೂ ಡಿವಿಡಿಯ ಅಧಿಕೃತ ಅಳತೆಯೇ, ಫೀಲ್ಡುಗಳು ಹಾಗೇ ಉಳಿಯುತ್ತವೆ. 2.8 ಮೆಗಾಬಿಟ್ಟಿನಲ್ಲಿ ಪೂರ್ಣ ಅಗಲದ ಚೌಕುಳಿಗಿಂತ ಇದರ ಮೆದುವಾದ ಚಿತ್ರ ಎಷ್ಟೋ ವಾಸಿ. ಹಗುರವಾದ ಡಿನಾಯ್ಸ್ (ಕಾಳು ಅಳಿಸುವುದು) ಕೂಡ ನೆರವಾಗುತ್ತದೆ, ಆದರೆ ಫೀಲ್ಡುಗಳನ್ನು ಬೇರ್ಪಡಿಸಿ ಮಾಡಿ ಮತ್ತೆ ಸೇರಿಸಬೇಕು, ಡಿವಿಡಿಗೆ ಹೋಗುವ ಪ್ರತಿಗೆ ಮಾತ್ರ.

ಆಥರಿಂಗಿಗೆ ಡಿವಿಡಿಸ್ಟೈಲರ್ ಸಾಕು. ಎಂಪೆಗ್2 (ಡಿವಿಡಿಯ ವಿಡಿಯೋ ರೂಪ) ನೀವೇ ಮೊದಲು ಎನ್‌ಕೋಡ್ ಮಾಡಿಕೊಂಡಿದ್ದರೆ ಅಲ್ಲಿ ವಿಡಿಯೋ, ಆಡಿಯೋ ಎರಡಕ್ಕೂ ಕಾಪಿ ಎಂದು ಕೊಡಿ. ಇಲ್ಲವಾದರೆ ಅದು ಮತ್ತೊಮ್ಮೆ ಎನ್‌ಕೋಡ್ ಮಾಡಿ ಗುಣಮಟ್ಟ ಇಳಿಸುತ್ತದೆ. ಅಧ್ಯಾಯಗಳನ್ನು ಐದೈದು ನಿಮಿಷಕ್ಕೆ ಕುರುಡಾಗಿ ಹಾಕಬೇಡಿ. ಒಡ್ಡೋಲಗ, ಪ್ರವೇಶ, ಯುದ್ಧ ಹೀಗೆ ಆಟದ ಕಟ್ಟಿಗೆ ತಕ್ಕಂತೆ ಹಾಕಿ. ಒಂದು ಟೈಟಲ್ಲಿಗೆ 99 ಅಧ್ಯಾಯಗಳವರೆಗೆ ಅವಕಾಶ ಇದೆ.

ಮೆನುವಿನಲ್ಲಿ ಕನ್ನಡ ಟೈಪ್ ಮಾಡಿದರೆ ಹಲವು ಆಥರಿಂಗ್ ತಂತ್ರಾಂಶಗಳಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುತ್ತದೆ. ಪ್ರಸಂಗದ ಹೆಸರು, ಕಲಾವಿದರ ಹೆಸರುಗಳನ್ನು ಇಂಕ್‌ಸ್ಕೇಪ್ ಅಥವಾ ಗಿಂಪ್‌ನಲ್ಲಿ ಯೂನಿಕೋಡ್ ಫಾಂಟಿನಲ್ಲಿ ಬರೆದು, ಇಡೀ ಮೆನುವನ್ನು ಚಿತ್ರವಾಗಿ ಉಳಿಸಿ ಹಿನ್ನೆಲೆಗೆ ಹಾಕಿ. ಮೇಲೆ ಅಕ್ಷರವಿಲ್ಲದ ಬಟನ್ ಇಡಿ. ಬಟನ್ನಿನ ಹೊಳಪಿಗೆ ಬಣ್ಣಗಳು ಬೆರಳೆಣಿಕೆಯಷ್ಟೇ ಸಿಗುವುದರಿಂದ ನುಣುಪು ಅಂಚು ಬರುವುದಿಲ್ಲ, ಅಡಿಗೆರೆ ಅಥವಾ ಚುಕ್ಕೆ ಚೆಂದ. ಹಳೆ ಟಿವಿಗಳು ಅಂಚನ್ನು ನುಂಗುತ್ತವೆ, ಸುತ್ತ ಹತ್ತರಲ್ಲೊಂದು ಪಾಲು ಖಾಲಿ ಬಿಡಿ.

ಬರೆಯುವುದು ಇಮ್ಗ್‌ಬರ್ನ್‌ನಲ್ಲಿ, ವೆರಿಫೈ ಟಿಕ್ ಹಾಕಿ. ಹಳೆ ಪ್ಲೇಯರಿಗೆ ಡಿವಿಡಿ ಮೈನಸ್ ಆರ್ ಹೆಚ್ಚು ಹೊಂದುತ್ತದೆ. 16 ಎಕ್ಸ್ ಡಿಸ್ಕನ್ನು 8 ಎಕ್ಸ್‌ನಲ್ಲಿ ಬರೆಯಿರಿ. ತೀರಾ ನಿಧಾನ ಮಾಡಿದರೆ ಇನ್ನೂ ಒಳ್ಳೆಯದು ಎಂಬುದು ಸರಿಯಲ್ಲ, ಆ ಡಿಸ್ಕಿನ ಬಣ್ಣದ ಪದರ ವೇಗದ ಬರಹಕ್ಕೆಂದೇ ಹದವಾದದ್ದು. ಮೇಲೆ ಕಾಗದದ ಲೇಬಲ್ ಅಂಟಿಸಬೇಡಿ. ತೂಕ ಒಂದು ಕಡೆ ವಾಲಿ ಡಿಸ್ಕು ನಡುಗುತ್ತದೆ, ಸೆಕೆಗೆ ಅಂಟು ಎದ್ದು ಡ್ರೈವಿನೊಳಗೇ ಕಿತ್ತುಕೊಳ್ಳುತ್ತದೆ.

ಅರ್ಧಗಂಟೆ:

ಒಂದು ಬೇರೆ ಅಭಿಪ್ರಾಯ. 40 ಟೇಪು ಎಂದರೆ ಸುಮಾರು 660 ಜಿಬಿ ಆಗುತ್ತದೆ. ಎಲ್ಲವನ್ನೂ ಎಚ್.265 (ಹೆಚ್ಚು ಹಿಂಡುವ ಸಂಕುಚನ) ಎಂಪಿ4 ಮಾಡಿದರೆ ಐವತ್ತು ಅರವತ್ತು ಜಿಬಿಗೆ ಮುಗಿಯುತ್ತದೆ. ಮೊಬೈಲಿನಲ್ಲೂ ನೋಡಬಹುದು, ಕ್ಲೌಡಿಗೂ ಬೇಗ ಏರುತ್ತದೆ. ಡಿವಿ ಫೈಲು ಇಟ್ಟುಕೊಳ್ಳುವ ಅಗತ್ಯ ಏನು?

ತಂತಿಜಾಲ:

ನೋಡಲು ಎಂಪಿ4 ಖಂಡಿತ ಬೇಕು. ಮೂಲವಾಗಿ ಅದು ಸಾಲದು. ಡಿವಿಯ ಪ್ರತಿ ಫ್ರೇಮಿನಲ್ಲೂ ಚಿತ್ರ, ಧ್ವನಿಯ ಜೊತೆ ಚಿತ್ರೀಕರಣದ ದಿನಾಂಕ, ಗಂಟೆ, ಸೆಕೆಂಡು ಹುದುಗಿದೆ. ಎಂಪಿ4 ಮಾಡಿದ ಕ್ಷಣ ಅದು ಹೋಗುತ್ತದೆ. ಹೋದ ಫೀಲ್ಡುಗಳೂ ಮತ್ತೆ ಬರುವುದಿಲ್ಲ, ಮುಂದೆ ಇನ್ನೂ ಒಳ್ಳೆಯ ಡಿಇಂಟರ್‌ಲೇಸರ್ ಬಂದಾಗ ಕೊಡಲು ನಿಮ್ಮ ಬಳಿ ಏನೂ ಇರುವುದಿಲ್ಲ. ಇನ್ನು 660 ಜಿಬಿ ಇವತ್ತು 1 ಟಿಬಿ ಡಿಸ್ಕಿನಲ್ಲೇ ಹಿಡಿಸುತ್ತದೆ. ಆ ಜಾಗ ಉಳಿಸಲು ಟೇಪಿನ ಮಾಹಿತಿ ಎಸೆಯಬಾರದು. ಹಾಗೆಂದು ಎಫ್‌ಎಫ್‌ವಿ1 ಎಂಬ ನಷ್ಟವಿಲ್ಲದ ಸಂಕುಚನಕ್ಕೆ ಬದಲಿಸುವುದೂ ಬೇಡ, ಅದು ವಿಎಚ್‌ಎಸ್‌ನಂಥ ಅನಲಾಗ್ ಟೇಪಿಗೆ ಸರಿ. ಡಿವಿ ಆಗಲೇ ಸಂಕುಚಿತ, ಎಫ್‌ಎಫ್‌ವಿ1 ಮಾಡಿದರೆ ಫೈಲು ದೊಡ್ಡದಾಗುತ್ತದೆ ಹೊರತು ಲಾಭವಿಲ್ಲ.

ಕಚ್ಚಾ ಡಿವಿಯ ಇನ್ನೊಂದು ಅನುಕೂಲ: ಫೈಲಿನ ಬೈಟುಗಳನ್ನು 1,44,000ದಿಂದ ಭಾಗಿಸಿ. ಶೇಷ ಉಳಿಯದೆ ಬರುವುದೇ ಫ್ರೇಮುಗಳ ಸಂಖ್ಯೆ. ಶೇಷ ಉಳಿದರೆ ಫೈಲು ಎಲ್ಲೋ ತುಂಡಾಗಿದೆ.

ಮೊಬೈಲ್ ಪ್ರತಿಗೆ ಹ್ಯಾಂಡ್‌ಬ್ರೇಕ್ ಎಂಬ ಪರಿವರ್ತನೆಯ ತಂತ್ರಾಂಶ: ಡಿಇಂಟರ್‌ಲೇಸ್‌ನಲ್ಲಿ ಬಿಡಬ್ಲ್ಯುಡಿಐಎಫ್, ಪ್ರಿಸೆಟ್ ಬಾಬ್, ಆಗ 50 ಫ್ರೇಮು ಬರುತ್ತದೆ. ಎಚ್.264, ಗುಣಮಟ್ಟ 18. ಯೂಟ್ಯೂಬಿಗೆ ಹಾಕುವುದಾದರೆ 1440×1080ಕ್ಕೆ ಹಿಗ್ಗಿಸಿ. 720ಕ್ಕಿಂತ ಕೆಳಗಿನ ಎತ್ತರದಲ್ಲಿ ಯೂಟ್ಯೂಬ್ 50 ಫ್ರೇಮು ಕೊಡುವುದಿಲ್ಲ, ಕುಣಿತದ ನಯ ಹೋಗುತ್ತದೆ.

ಮಣ್ಣಿನಗೋಡೆ:

ಓದಲಾಗದ ಡಿವಿಡಿಗಳು ಮತ್ತು ಬ್ಯಾಕಪ್ ಬಾಕಿ ಉಳಿದಿವೆ, ಹೇಳುತ್ತೇನೆ.

ಟೇಪು ಇರುವ ಆಟಗಳ ಹಳೆ ಡಿವಿಡಿ ಬಿಟ್ಟುಬಿಡಿ, ಟೇಪೇ ಮೇಲು. ಟೇಪು ಇಲ್ಲದವನ್ನು ಮಾತ್ರ ಬದುಕಿಸಿ. ಮೊದಲು ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತಲೂ ಉಜ್ಜಿದರೆ ಗೀರು ದತ್ತಾಂಶದ ಜಾಡಿನ ಉದ್ದಕ್ಕೇ ಬೀಳುತ್ತದೆ, ಡ್ರೈವಿನ ತಪ್ಪು ತಿದ್ದುವ ಶಕ್ತಿ ಅಲ್ಲಿ ಸೋಲುತ್ತದೆ. ವಿಂಡೋಸಿನಲ್ಲಿ ಕಾಪಿ ಪೇಸ್ಟ್ ಮಾಡಬೇಡಿ, ಮೊದಲ ಕೆಟ್ಟ ಜಾಗಕ್ಕೇ ನಿಂತುಬಿಡುತ್ತದೆ. ಲಿನಕ್ಸಿನ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಜಿಎನ್‌ಯು ಡಿಡಿರೆಸ್ಕ್ಯೂ (ಕೆಟ್ಟ ಡಿಸ್ಕಿನಿಂದ ದತ್ತಾಂಶ ಎತ್ತುವ ತಂತ್ರಾಂಶ, ಮೇಲಿನ ಡಿವಿರೆಸ್ಕ್ಯೂ ಅಲ್ಲ) ಬಳಸಿ. ಸೆಕ್ಟರ್ (ಡಿಸ್ಕಿನ ಒಂದು ತುಣುಕು) ಅಳತೆ 2048 ಬೈಟ್. ಮೊದಲ ಸುತ್ತಿನಲ್ಲಿ ಸುಲಭದ್ದನ್ನಷ್ಟೇ ಓದಿ ಕೆಟ್ಟ ಜಾಗ ದಾಟಿಹೋಗುವಂತೆ ನೋ ಸ್ಕ್ರೇಪ್ ಆಯ್ಕೆ ಕೊಡಿ, ಎರಡನೇ ಸುತ್ತಿನಲ್ಲಿ ಮೂರು ಮರುಯತ್ನ. ಇದರ ನಿಜವಾದ ಬಲ ಮ್ಯಾಪ್ ಫೈಲು. ಯಾವ ಸೆಕ್ಟರ್ ಬಂತು, ಯಾವುದು ಬಾಕಿ ಎಂಬುದನ್ನೆಲ್ಲ ಅದು ಬರೆದಿಡುತ್ತದೆ. ಅದೇ ಮ್ಯಾಪ್ ಫೈಲನ್ನು ಇಟ್ಟುಕೊಂಡು ಡಿಸ್ಕನ್ನು ಬೇರೆ ಕಂಪನಿಯ ಡ್ರೈವಿಗೆ ಹಾಕಿದರೆ ಬಾಕಿ ಇರುವುದನ್ನಷ್ಟೇ ಪ್ರಯತ್ನಿಸುತ್ತದೆ. ಒಂದು ಡ್ರೈವಿಗೆ ಸಿಗದ್ದು ಇನ್ನೊಂದಕ್ಕೆ ಸಿಗುವುದು ತುಂಬ ಸಾಮಾನ್ಯ, ಹಳೆಯ ಲ್ಯಾಪ್‌ಟಾಪುಗಳ ಡ್ರೈವನ್ನೂ ಬಿಡಬೇಡಿ. ಕೊನೆಗೆ ಕೆಲವು ಸೆಕ್ಟರ್ ಉಳಿದರೂ ಎದೆಗುಂದಬೇಕಿಲ್ಲ. ಒಂದು ಜಿಒಪಿ ಕೆಟ್ಟರೆ ನಷ್ಟ ಸುಮಾರು ಅರ್ಧ ಸೆಕೆಂಡು.

ಬಂದ ಐಎಸ್‌ಒ (ಇಡೀ ಡಿಸ್ಕಿನ ನಕಲು) ಫೈಲನ್ನು ಹಾಗೇ ಉಳಿಸಿ, ನೋಡಲು ಮೇಕ್‌ಎಂಕೆವಿಯಿಂದ ಎಂಕೆವಿ ತೆಗೆಯಿರಿ. ಡಿವಿಡಿಯೊಳಗಿನ 1 ಜಿಬಿಯ ವಿಒಬಿ ವಿಡಿಯೋ ತುಂಡುಗಳನ್ನು ಒಂದೊಂದಾಗಿ ಪರಿವರ್ತಿಸಿ ಅಂಟಿಸಬೇಡಿ, ಪ್ರತಿ ಬೆಸುಗೆಯಲ್ಲೂ ಧ್ವನಿ ಜಾರುತ್ತದೆ. ಡಿಸ್ಕು ಖಾಲಿ ಎಂದು ತೋರಿಸಿದರೆ, ಆದರೆ ಕೆಳಮೈಯಲ್ಲಿ ಬರೆದ ಭಾಗದ ಬಣ್ಣ ಬೇರೆ ಕಂಡರೆ, ಅದು ಫೈನಲೈಸ್ ಆಗದ, ಅಂದರೆ ಬರೆದು ಮುಚ್ಚಿರದ ಡಿಸ್ಕು. ಬರೆದ ರೆಕಾರ್ಡರ್ ಇದ್ದರೆ ಅದರಲ್ಲೇ ಫೈನಲೈಸ್ ಮಾಡಿ. ಇಲ್ಲದಿದ್ದರೆ ಐಸೋಬಸ್ಟರ್ ಎಂಬ ತಂತ್ರಾಂಶ ಒಳಗಿರುವುದನ್ನು ತೆಗೆದುಕೊಡುತ್ತದೆ.

ಬ್ಯಾಕಪ್: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ. 2 ಟಿಬಿಯ ಎರಡು ಹಾರ್ಡ್‌ಡಿಸ್ಕು ಬೇರೆ ಬೇರೆ ಕಂಪನಿಯವು ಕೊಳ್ಳಿ, ಒಂದೇ ತಂಡದಲ್ಲಿ ತಯಾರಾದವು ಒಟ್ಟಿಗೇ ಕೈಕೊಡುವುದುಂಟು. ಒಂದು ಉಡುಪಿಯಲ್ಲಿ, ಇನ್ನೊಂದು ಬೆಂಗಳೂರಿನಂಥ ಒಣ ಊರಿನಲ್ಲಿ ಇರಲಿ. ಮೂರನೆಯದು ಕ್ಲೌಡ್. 20 ಮೆಗಾಬಿಟ್ ಅಪ್‌ಲೋಡಿನಲ್ಲಿ 660 ಜಿಬಿ ಏರಲು ಎಡೆಬಿಡದೆ ಮೂರು ದಿನ ಬೇಕು, ಟೇಪು ಟೇಪಾಗಿ ಏರಿಸಿ. ಯೂಟ್ಯೂಬು ಬ್ಯಾಕಪ್ ಅಲ್ಲ, ಅಲ್ಲಿಂದ ವಾಪಸ್ ಸಿಗುವುದು ಅವರು ಹಿಂಡಿದ ಪ್ರತಿ. ಪೆನ್‌ಡ್ರೈವ್, ಎಸ್‌ಎಸ್‌ಡಿಗಳನ್ನು ವರ್ಷಗಟ್ಟಲೆ ವಿದ್ಯುತ್ತಿಲ್ಲದೆ ಕಪಾಟಿನಲ್ಲಿಟ್ಟರೆ ಅವುಗಳ ವಿದ್ಯುದಂಶ ಸೋರಿಹೋಗುತ್ತದೆ, ಈ ಕೆಲಸಕ್ಕೆ ಬೇಡ.

ನಕಲಿಸಿದ್ದು ನಿಜವಾಗಿ ನಕಲಾಗಿದೆಯೇ ಎಂದು ಪರೀಕ್ಷಿಸುವುದನ್ನೇ ಹೆಚ್ಚಿನವರು ಬಿಡುತ್ತಾರೆ. ಕ್ಯಾಪ್ಚರ್ ಆದ ಕೂಡಲೇ ಪ್ರತಿ ಫೈಲಿಗೆ ಎಸ್‌ಎಚ್‌ಎ 256 ಮೊತ್ತ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತೆಗೆದು ಪಠ್ಯ ಫೈಲಿನಲ್ಲಿ ಬರೆದಿಡಿ, ಪ್ರತಿ ಡಿಸ್ಕಿನಲ್ಲೂ ಅದರ ಒಂದು ಪ್ರತಿ ಇರಲಿ. ವರ್ಷಕ್ಕೊಮ್ಮೆ ಡಿಸ್ಕು ಜೋಡಿಸಿ ಮೊತ್ತಗಳನ್ನು ಹೋಲಿಸಿ. ಒಂದರಲ್ಲಿ ಕೆಟ್ಟದ್ದು ಗೊತ್ತಾದರೆ ಇನ್ನೊಂದರಿಂದ ತುಂಬಬಹುದು, ಗೊತ್ತಾಗದಿದ್ದರೆ ಕೆಟ್ಟದ್ದನ್ನೇ ಒಳ್ಳೆಯದರ ಮೇಲೆ ನಕಲಿಸುತ್ತೀರಿ. ಫೈಲಿನ ಹೆಸರಿಗೆ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳು ಸಾಕು, ಹಳೆಯ ತಂತ್ರಾಂಶಗಳು ಕನ್ನಡ ಹೆಸರಿಗೆ ಮುಗ್ಗರಿಸುತ್ತವೆ. ಪ್ರಸಂಗ, ಮೇಳ, ಸ್ಥಳ, ಹಿಮ್ಮೇಳದವರು, ವೇಷಧಾರಿಗಳ ಹೆಸರೆಲ್ಲ ಪಕ್ಕದ ಪಠ್ಯ ಫೈಲಿನಲ್ಲಿ ಕನ್ನಡದಲ್ಲೇ ಇರಲಿ. ಗುರುತಿಸಬಲ್ಲ ಹಿರಿಯರು ಇರುವಾಗಲೇ ಅದನ್ನು ಬರೆಸಿಕೊಳ್ಳಿ. ಚಿತ್ರದಲ್ಲಿ ಇಲ್ಲದ ಆ ಮಾಹಿತಿಯನ್ನು ಯಾವ ತಂತ್ರಾಂಶವೂ ತೆಗೆದುಕೊಡುವುದಿಲ್ಲ.

ಟೇಪುಗಳನ್ನು ಎಸೆಯಬೇಡಿ. ಆರಂಭಕ್ಕೆ ಸುತ್ತಿ, ಡಬ್ಬಿಯೊಳಗೆ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ ಇಡಿ.

ರಂಗಸ್ಥಳ:

ಕೊನೆಯದೊಂದು. ಕೆಲವು ಟೇಪುಗಳ ಚೀಟಿ ಬಿದ್ದುಹೋಗಿದೆ. ಯಾವ ಆಟದ ಯಾವ ಟೇಪು, ಯಾವುದರ ಹಿಂದೆ ಯಾವುದು ಎಂದು ತಿಳಿಯುವುದು ಹೇಗೆ?

ತಂತಿಜಾಲ:

ಆಗ ಹೇಳಿದ ಫ್ರೇಮಿನೊಳಗಿನ ದಿನಾಂಕವೇ ಇಲ್ಲಿ ಕೆಲಸಕ್ಕೆ ಬರುತ್ತದೆ. ಕ್ಯಾಮೆರಾದಲ್ಲೇ ಓಡಿಸುವಾಗ ರಿಮೋಟಿನ ಡೇಟಾ ಕೋಡ್ ಗುಂಡಿ ಒತ್ತಿದರೆ ಪರದೆಯ ಮೇಲೆ ಬರುತ್ತದೆ. ಡಿವಿರೆಸ್ಕ್ಯೂ ಬರೆಯುವ ಎಕ್ಸ್‌ಎಂಎಲ್ ವರದಿಯಲ್ಲೂ ಸಿಗುತ್ತದೆ. ವಿನ್‌ಡಿವಿ ಫೈಲಿನ ಹೆಸರಿಗೇ ಅದನ್ನು ಸೇರಿಸುತ್ತದೆ. ರಾತ್ರಿ 11.40ಕ್ಕೆ ಮುಗಿಯುವ ಟೇಪಿನ ಹಿಂದೆ 11.42ಕ್ಕೆ ಶುರುವಾಗುವ ಟೇಪು ಇಡಿ.

ರೀಲುಸುತ್ತು:

ಕ್ಯಾಮೆರಾದ ಗಡಿಯಾರವನ್ನೇ ಹೊಂದಿಸಿರದಿದ್ದರೆ ದಿನಾಂಕ ತಪ್ಪಿರುತ್ತದೆ. ಆದರೂ ಒಂದೇ ರಾತ್ರಿಯೊಳಗಿನ ಅಂತರ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ಕ್ರಮಕ್ಕೆ ಅಷ್ಟು ಸಾಕು. ಗಡಿಯಾರದ ಒಳಬ್ಯಾಟರಿ ಸತ್ತಿದ್ದರೆ ಮಾತ್ರ ಬ್ಯಾಟರಿ ಬದಲಿಸಿದಾಗಲೆಲ್ಲ ಸಮಯ ಮೊದಲಿಗೆ ಮರಳಿರುತ್ತದೆ ಅಥವಾ ದಿನಾಂಕವೇ ಬಂದಿರುವುದಿಲ್ಲ. ಆಗ ಪ್ರಸಂಗದ ಪುಸ್ತಕ ಎದುರಿಗಿಟ್ಟುಕೊಳ್ಳಿ. ಪ್ರತಿ ಟೇಪಿನ ಮೊದಲ ಪದ್ಯವನ್ನೂ ಕೊನೆಯ ಪದ್ಯವನ್ನೂ ಕೇಳಿ ಪುಸ್ತಕದಲ್ಲಿ ಗುರುತು ಹಾಕಿ. ಭಾಗವತರು ನಡುವೆ ಪದ್ಯ ಬಿಟ್ಟಿರಬಹುದು, ಹಿಂದುಮುಂದು ಮಾಡುವುದು ಅಪರೂಪ.